ನಲವತ್ತು ಸಾವಿರ ರಸಿಕರು, ಒಬ್ಬ ಮಾವ

ಜೂನ್ ೨, ಸೋಮವಾರ

ಸೆಮಿಸ್ಟರ್ ಮುಗಿದ ಮಾರನೆಯ ದಿನವೇ ಕಾಲೇಜು ಅತಿಥಿ ಉಪನ್ಯಾಸಕನನ್ನು ಮನೆಗೆ ಕಳಿಸುತ್ತದೆ. ಮನೆಯಿಂದ ರಮ್ಯಾ ನನ್ನನ್ನು ತನ್ನ ತವರಿಗೆ ಕಳಿಸಿದ್ದಾಳೆ. ಚನ್ನಪಟ್ಟಣದ ಕಾಲೇಜಿನಲ್ಲೂ ಅತಿಥಿ, ಮರಳವಾಡಿಯ ಮಾವನ ಮನೆಯಲ್ಲೂ ಅತಿಥಿ. ಈ ಪದದ ಮೊದಲಕ್ಷರ ಎಲ್ಲಾದರೂ ಉದುರಿಹೋದರೆ ಉಳಿಯುವುದೇನೆಂದು ಯೋಚಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೇ ಬೆವರಿದೆ.

ಅತ್ತೆ ಮುನಿಯಮ್ಮನವರು ಹಿತ್ತಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ನಾಳೆ ರೇಷ್ಮೆಹುಳ ಬರುತ್ತದೆ. ಹುಳಕ್ಕೆ ‘ಮುಂದಿನ ತಿಂಗಳು ಬಾ’ ಎನ್ನಲಾಗದು. ಒಬ್ಬಳೇ ಮಗಳಿಗೆ ತಾಲ್ಲೂಕು ಕಚೇರಿಯಲ್ಲಿ ರಜೆ ಸಿಗಲಿಲ್ಲ. ಉಳಿದವನು ಅಳಿಯ ಜಯಕುಮಾರ.

ಹೊರಡುವಾಗ ರಮ್ಯಾ ಹೇಳಿದ್ದು: ‘ಹುಳ ಹೆಂಗಾದ್ರೂ ಆಗ್ಲಿ ರೀ. ಅಪ್ಪ ನಿಮ್ಮ ಮುಖ ನೋಡ್ಕೊಂಡು ಒಂದು ಮಾತಾಡೋ ಹಾಗೆ ಮಾಡಿ. ನಾಲ್ಕು ವರ್ಷದಿಂದ ನಿಮ್ಮಿಬ್ಬರ ನಡುವೆ ಅಂಚೆ ಹಂಚಿ ಹಂಚಿ ನನ್ನ ಕಾಲು ಬಿದ್ದೋಗಿದೆ.’

ನಾಲ್ಕು ವರ್ಷದ ಹಿಂದೆ ಹೆಣ್ಣು ಕೇಳಲು ಬಂದವನು ನಾನು. ಬಂದ ಕೆಲಸ ಬಿಟ್ಟು, ಒಂದು ಸೀರೆಗೆ ಎಷ್ಟು ಸಾವಿರ ಜೀವ ಬೇಯುತ್ತದೆ ಗೊತ್ತೇ ಎಂದು ರೇಷ್ಮೆ ಬೆಳೆಗಾರನನ್ನೇ ಕೇಳಿದೆ. ಅವರಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಮದುವೆಯಲ್ಲಿ ಅವರು ಕೊಟ್ಟ ರೇಷ್ಮೆ ಪಂಚೆ ಒಲ್ಲೆನೆಂದು ಟೆರಿಕಾಟ್ ಸುತ್ತಿಕೊಂಡು ಹಸೆಯ ಮೇಲೆ ಕೂತೆ. ಅಂದಿನಿಂದ ಮಾವ ಚೆಲುವಯ್ಯನವರು ನನ್ನೊಡನೆ ಮಾತಾಡಿಲ್ಲ. ಅಹಿಂಸೆ ಬೋಧಿಸಿದ್ದಕ್ಕೆ ಇಷ್ಟು ಹಿಂಸೆ.

ಜೂನ್ ೩, ಮಂಗಳವಾರ

ಹುಳ ಬಂತು. ಬೂದು ಶಾವಿಗೆಯ ಚೂರುಗಳಿಗೆ ಜೀವ ಬಂದ ಹಾಗಿದೆ. ‘ನೂರು ಮೊಟ್ಟೆ’ ಎನ್ನುತ್ತಾರೆ, ಹುಳ ನಲವತ್ತು ಸಾವಿರ. ಇಂಥ ಉದಾರ ಗಣಿತವನ್ನು ನಮ್ಮ ಆಂತರಿಕ ಅಂಕಗಳಲ್ಲೂ ಕಂಡಿಲ್ಲ.

ಹುಳದ ಮನೆಯ ಬಾಗಿಲಲ್ಲಿ ಮಾವನವರಿಗೂ ನನಗೂ ಎರಡು ಮಾರು ದೂರ. ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು:

‘ಇವಳೇ, ಆ ಮೇಷ್ಟ್ರಿಗೆ ಹೇಳು, ಬ್ಲೀಚಿಂಗ್ ನೀರಲ್ಲಿ ಕಾಲು ಅದ್ಬುಟ್ಟು ಒಳೀಕೆ ಬರ್ಲಿ.’

‘ಅಳಿಯಂದ್ರೆ, ಕಾಲು ಅದ್ಬೇಕಂತೆ.’

‘ಅದ್ದಿದೆ ಅತ್ತೆ.’

‘ಅದ್ದವ್ರಂತೆ ಕಣಿ.’

‘ಕೇಳುಸ್ತು. ಸೆಂಟು ಹಾಕ್ಕಂಡವ್ರೆ, ತೊಳ್ಕಂಡು ಬರಕೇಳು. ಆ ವಾಸ್ನೆಗೆ ಹುಳ ಬಾಯಿ ಮುಚ್ಕತವೆ.’

ಹುಳವೂ ಬಾಯಿ ಮುಚ್ಚಿಕೊಂಡರೆ ಈ ಮನೆಯಲ್ಲಿ ಮಾತಿಗೆ ಯಾರು ಉಳಿದಾರು? ಹೋಗಿ ಮೈ ತೊಳೆದುಕೊಂಡು ಬಂದೆ.

ನೇರ ಮಾತು: ಸೊನ್ನೆ.

ಜೂನ್ ೪, ಬುಧವಾರ

ಮಮತಾ ಮೇಡಂ ಸಂದೇಶ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರೇ ಸಂಪಾದಕಿ. ‘ಪಶ್ಚಿಮ ಏಷ್ಯಾದ ಸಮಕಾಲೀನ ಸಂಗೀತಗಾರರು: ನಿಮ್ಮ ಪ್ಲೇಲಿಸ್ಟ್‌ಗೆ ಸೇರಬೇಕಾದವರು’ ಎಂಬ ನನ್ನ ಲೇಖನ, ಹತ್ತು ಮಂದಿಯ ಮೇಲೆ, ಇಪ್ಪತ್ತನಾಲ್ಕಕ್ಕೆ ಬೇಕಂತೆ. ಸ್ಟಾಫ್ ರೂಮಿನಲ್ಲಿ ‘ನಾನು ಬೈರೂತ್, ಇಸ್ತಾಂಬುಲ್ ಬಿಟ್ಟು ಬೇರೇನೂ ಕೇಳುವುದಿಲ್ಲ’ ಎಂದು ಕೊಚ್ಚಿಕೊಂಡವನು ನಾನೇ. ಈಗ ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತ ಬರೆಯಬೇಕು.

ಹುಳದ ಮನೆಯ ರೇಡಿಯೋ ಕೆಟ್ಟು ಮೂಲೆ ಸೇರಿದೆ. ನನ್ನ ಬ್ಲೂಟೂತ್ ಸ್ಪೀಕರನ್ನು ಅದರ ಮೇಲೆ ಕೂರಿಸಿ ಟ್ರಿಯೋ ಜುಬ್ರಾನ್ ಹಚ್ಚಿದೆ. ಮೂವರು ಸೋದರರು, ಮೂರು ಊದ್. ಊದ್ ಎಂದರೆ ಊದುವುದಲ್ಲ, ಮೀಟುವುದು. ಇದನ್ನು ಲೇಖನದ ಮೊದಲ ಸಾಲಿಗೆ ಇಟ್ಟುಕೊಳ್ಳಬೇಕು.

ಅತ್ತೆ ಬ್ಯಾಂಡೇಜಿನ ಕೈ ಕೊರಳಿಗೆ ನೇತುಹಾಕಿಕೊಂಡು ಬಂದು ನಿಂತರು. ‘ಯಾವೂರೋರು ಅಳಿಯಂದ್ರೆ?’

‘ಪ್ಯಾಲೆಸ್ಟೈನ್ ಅತ್ತೆ. ಮೂರು ಜನ ಅಣ್ಣತಮ್ಮಂದಿರು.’

‘ಅಣ್ತಮ್ಮದೀರು ಮೂರು ಜನ ಒಂದೇ ತಾವು ಕೂತವ್ರಾ! ಇನ್ನೂ ಭಾಗ ಆಗಿಲ್ವಾ?’

ವಿಮರ್ಶಕರು ಹತ್ತು ಪುಟದಲ್ಲಿ ಹೇಳುವ ಹೊಂದಾಣಿಕೆಯನ್ನು ಅತ್ತೆ ಒಂದು ಪ್ರಶ್ನೆಯಲ್ಲಿ ಹೇಳಿದರು. ಮಾವನವರು ಸೊಪ್ಪು ಹರಡುತ್ತಲೇ ಇದ್ದರು. ನಿಲ್ಲಿಸು ಎನ್ನಲಿಲ್ಲ. ಇರಲಿ ಎಂದೂ ಅನ್ನಲಿಲ್ಲ.

ನೇರ ಮಾತು: ಸೊನ್ನೆ.

ಜೂನ್ ೬, ಶುಕ್ರವಾರ

ಇಂದಿನ ದಿನ ಸಂಗೀತದ ಇತಿಹಾಸದಲ್ಲಿ ಸೇರತಕ್ಕದ್ದು!

ಇರಾನಿನ ಕೈಹಾನ್ ಕಲ್ಹೋರ್ ಹಾಕಿದ್ದೆ. ಕಮಾಂಚೆ ಎಂಬ ಪುಟ್ಟ ಪಿಟೀಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತಾರೆ. ಅರ್ಧ ಗಂಟೆ ಕಳೆದು ನೋಡುತ್ತೇನೆ, ಹುಳಗಳು ಮೇಯುವುದನ್ನು ನಿಲ್ಲಿಸಿವೆ. ಅಷ್ಟೂ ಹುಳಗಳು ತಲೆಯನ್ನು ಮೇಲೆತ್ತಿ, ಅಲುಗದೆ, ಎಲೆಯ ಪರಿವೆಯಿಲ್ಲದೆ ಕೂತಿವೆ. ಸಂಗೀತ ಸಭೆಯಲ್ಲಿ ಮೊದಲ ಸಾಲಿನ ಹಿರಿಯರು ಆಲಾಪನೆಗೆ ಕತ್ತೆತ್ತಿ ಕಣ್ಣು ಮುಚ್ಚುವ ಭಂಗಿಯೇ ಸೈ. ತಾಳ ಹಾಕಲು ತೊಡೆ ಮಾತ್ರ ಇಲ್ಲ. ನಲವತ್ತು ಸಾವಿರ ರಸಿಕರು, ಒಂದೇ ಒಂದು ಕೆಮ್ಮಿಲ್ಲ!

ವಿಡಿಯೋ ತೆಗೆದು ಮಮತಾ ಮೇಡಂಗೆ ಕಳಿಸಿ, ‘ಕಲೆಗೆ ಬೆನ್ನುಮೂಳೆ ಬೇಕಿಲ್ಲ’ ಎಂದು ಬರೆದೆ.

ಜೂನ್ ೭, ಶನಿವಾರ

ಅದು ಜ್ವರವಂತೆ.

ಹುಳ ಪೊರೆ ಬಿಡುವ ಮೊದಲು ಒಂದು ದಿನ ತಿನ್ನದೆ ತಲೆ ಎತ್ತಿ ಕೂರುತ್ತದಂತೆ. ಇಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಮೊದಲೆರಡು ಜ್ವರ ಇಲ್ಲಿಗೆ ಬರುವ ಮುಂಚೆಯೇ ಮುಗಿದಿದ್ದವಂತೆ, ಇದು ಮೂರನೆಯದು. ಕಲ್ಹೋರ್ ಇದ್ದರೂ ಕೂರುತ್ತದೆ, ಕುಕ್ಕರ್ ಕೂಗಿದರೂ ಕೂರುತ್ತದೆ. ಆಗ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ, ಎಲ್ಲವೂ ಏಳುವ ತನಕ ಕಾಯಬೇಕು. ಮೊದಲು ಎದ್ದವಕ್ಕೆ ಉಣಿಸಿದರೆ ಬೆಳೆ ಏರುಪೇರಾಗುತ್ತದೆ.

ಅತ್ತೆ ಇದನ್ನು ಹೇಳಿಕೊಡುವಾಗ ಮಾವನವರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಬೆನ್ನು ಕುಲುಕುತ್ತಿತ್ತು. ಬೆನ್ನಿನ ನಗುವನ್ನು ನೇರ ಮಾತಿನ ಲೆಕ್ಕಕ್ಕೆ ಸೇರಿಸಬಹುದೇ? ಬೇಡ. ಸೊನ್ನೆ.

ಮಮತಾ ಮೇಡಂ ಉತ್ತರ: ‘ಬೆನ್ನುಮೂಳೆಯ ವಿಷಯ ಲೇಖನದಲ್ಲಿ ಬೇಡ.’

ಜೂನ್ ೯, ಸೋಮವಾರ

ಲೆಬನಾನಿನ ಯಾಸ್ಮಿನ್ ಹಮ್ದಾನ್ ಹಾಕಿದೆ. ದನಿ ಕಿವಿಯ ಪಕ್ಕ ಬಂದು ಗುಟ್ಟು ಹೇಳಿದ ಹಾಗಿರುತ್ತದೆ, ಅದರ ಕೆಳಗೆ ಯಂತ್ರದ ಮಿಡಿತ. ‘ಮರುಭೂಮಿಯೂ ಮೆಟ್ರೋ ರೈಲೂ ಒಂದೇ ಉಸಿರಲ್ಲಿ’ ಎಂದು ಲೇಖನಕ್ಕೆ ಗೀಚಿಕೊಂಡೆ.

‘ಆಯಮ್ಮ ಉಂಡಿಲ್ವಾ ಅಂತ ಕೇಳು,’ ಎಂದರು ಮಾವನವರು ಅತ್ತೆಗೆ. ‘ಒಸಿ ಜೋರಾಗಿ ಹಾಡಕೇಳು. ಹುಳ ಮೇಯೋ ಸದ್ದೇ ಹೆಚ್ಚಾಗೈತೆ.’

ಇಸ್ತಾಂಬುಲಿನ ಗಾಯೆ ಸು ಆಕ್ಯೋಲ್ ಅತ್ತೆಗೆ ಹಿಡಿಸಿದರು. ಹೆಸರಿನಲ್ಲೇ ಗಾಯನ ಇದೆಯಲ್ಲ ಎಂದೆ. ‘ಗಿಟಾರು ಸಿನಿಮಾ ಪೈಟಿಂಗ್ ತರ ಐತೆ, ಗಂಟಲು ಮಾತ್ರ ನಮ್ಮ ಸೋಬಾನೆ ಕೆಂಚಮ್ಮನ್ದು’ ಎಂದರು. ಮಾವನವರು ಅತ್ತೆಗೆ, ಅತ್ತೆ ನನಗೆ, ನಾನು ಫೋನಿಗೆ. ಹೀಗೆ ಪ್ಲೇಲಿಸ್ಟ್ ಸಾಗುತ್ತಿದೆ.

ನೇರ ಮಾತು: ಸೊನ್ನೆ. ಸೊಪ್ಪು: ದಿನಕ್ಕೆ ಮೂರು ಹೊರೆ. ಬೆರಳೆಲ್ಲ ಹಸಿರು, ಮೊದಲ ಬಾರಿಗೆ ನನ್ನದು ‘ಹಸಿರು ಹಸ್ತ’.

ಜೂನ್ ೧೩, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಮಾವನವರು ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಹೇಳಿಬರಲು ಹಾರೋಹಳ್ಳಿಗೆ ಹೋದರು. ಹೋಗುವಾಗ ಅತ್ತೆಗೆ ಮೂರು ಸಲ ಹೇಳಿದರು: ‘ನಾನು ಬರಗಂಟ ಒಂದೆಲೆ ಮುಟ್ಟುಸ್ಬ್ಯಾಡ ಅಂತ ಹೇಳು.’ ಅತ್ತೆ ನನಗೆ ಮೂರು ಸಲ ಹೇಳಿದರು. ಆಮೇಲೆ ಕೈ ತೋರಿಸಲು ಅವರೂ ಆಸ್ಪತ್ರೆಗೆ ಹೋದರು.

ಮಧ್ಯಾಹ್ನಕ್ಕೆ ಕಾಲು ಭಾಗ ಹುಳ ಎದ್ದವು. ಹೊಸ ಚರ್ಮ, ಖಾಲಿ ಹೊಟ್ಟೆ. ಮೂತಿಯನ್ನು ಅತ್ತ ಇತ್ತ ಆಡಿಸುತ್ತ ಹುಡುಕುತ್ತಿದ್ದವು. ಹಾಸ್ಟೆಲ್ ಹುಡುಗರು ಬೆಳಿಗ್ಗೆ ಮೆಸ್ಸಿನ ಬಾಗಿಲಲ್ಲಿ ಹೀಗೇ ನಿಲ್ಲುತ್ತಾರೆ. ಮಲಗಿದವರು ಏಳುವ ತನಕ ಎದ್ದವರಿಗೂ ಉಪ್ಪಿಟ್ಟಿಲ್ಲ ಎಂದರೆ ಅದ್ಯಾವ ನ್ಯಾಯ? ಒಂದು ಉಪಾಯ ಹೊಳೆಯಿತು. ಮಿಕ್ಕವನ್ನು ಎಬ್ಬಿಸಿಬಿಟ್ಟರೆ! ಫಾರ್ಟಿಸೆವೆನ್ ಸೋಲ್ ತಂಡವನ್ನು ಪೂರ್ತಿ ವಾಲ್ಯೂಮಿನಲ್ಲಿ ಹಾಕಿದೆ. ಅರಬ್ ಮದುವೆಗಳಲ್ಲಿ ಸಾಲುಗಟ್ಟಿ ನೆಲ ಕುಟ್ಟುವ ದಬ್ಕೆ ಕುಣಿತವನ್ನು ಸಿಂಥಸೈಜರಿಗೆ ಏರಿಸಿದವರು. ತಮಟೆ ಕೇಳಿ ಬೆಳೆದ ಕಾಲು ಸುಮ್ಮನಿರುವುದಿಲ್ಲ. ಕುಣಿಯುತ್ತಲೇ ಸೊಪ್ಪು ಹಾಕಿದೆ. ಎದ್ದವು ತಿಂದವು. ಮಲಗಿದವು ಮಲಗೇ ಇದ್ದವು.

ಮಾವನವರು ಯಾವಾಗ ಬಂದರೋ ತಿಳಿಯದು. ಬಾಗಿಲಲ್ಲಿ ನಿಂತಿದ್ದರು. ಅವರ ಬಾಯಿ ತೆರೆಯಿತು. ನಾಲ್ಕು ವರ್ಷದ ಮಾತು ಹಲ್ಲಿನ ತನಕ ಬಂದದ್ದು ನನಗೆ ಕಂಡಿತು. ಅತ್ತೆ ಮನೆಯಲ್ಲಿಲ್ಲ. ಬೈಗುಳಕ್ಕೆ ಹೋಗಲು ವಿಳಾಸವಿಲ್ಲ. ಸುತ್ತ ನೋಡಿದರು, ಸೀದಾ ಸ್ಪೀಕರಿನ ಮುಂದೆ ಹೋಗಿ ನಿಂತರು.

‘ಲೇ ಡಬ್ಬ! ನಿನ್ಗೇನ್ಲಾ ಗೊತ್ತು ಹುಳದ್ ವಿಸ್ಯ? ಒಂದ್ ದಿನ ಕಾಯಕಾಗ್ನಿಲ್ವಾ ನಿನ್ಗೆ? ಕಾಲು ಭಾಗ ಮುಂದೆ, ಮುಕ್ಕಾಲು ಹಿಂದೆ ಮಾಡಿ ಮಡಗ್ದಲ್ಲ, ಇನ್ನು ಇವ್ನೆಲ್ಲ ಒಂದೊಂದಾಗಿ ಆಯೋರು ಯಾರ್ಲಾ? ನಿಮ್ಮಪ್ಪನಾ? ಓದ್ದೋನಂತೆ, ಓದ್ದೋನು!’

ಸ್ಪೀಕರಿನಲ್ಲಿ ದಬ್ಕೆ ಮುಂದುವರಿದೇ ಇತ್ತು. ‘ತಿರುಗಿ ಮಾತಾಡ್ತೀಯಾ?’ ಎಂದು ಅದರ ತಲೆಗೆ ಒಂದು ಬಿಟ್ಟರು. ನಿಂತಿತು.

ಇದನ್ನು ನೇರ ಮಾತು ಎನ್ನಲಾರೆ. ಆದರೆ ಏಟು ಮಾತ್ರ ನೇರವಾಗಿ ತಾಗಿತು.

ಜೂನ್ ೧೪, ಶನಿವಾರ

ರಮ್ಯಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ‘ವಾಪಸ್ ಬಂದ್ಬಿಡಿ ರೀ’ ಎಂದಳು. ಬೇಸರಕ್ಕೋ, ಕರುಣೆಗೋ. ನಾಳೆ ಬೆಳಿಗ್ಗೆಯ ಬಸ್ಸಿಗೆಂದು ಬ್ಯಾಗ್ ತುಂಬಿದೆ.

ಜೂನ್ ೧೫, ಭಾನುವಾರ

ಬಸ್ಸಿಗೆ ಹೊರಡುವ ಮುನ್ನ ಒಂದು ಸಲ ನೋಡೋಣವೆಂದು ಹುಳದ ಮನೆಗೆ ಹೋದೆ. ಸೊಪ್ಪಿನ ಮೇಲೆ ಇಬ್ಬನಿ ಹಾಗೇ ಇತ್ತು, ಒದ್ದೆ ಎಲೆ ಹಾಕಿದರೆ ಹುಳಕ್ಕೆ ಭೇದಿ. ಗೋಣಿಯ ಮೇಲೆ ಹರವಿ ಆರಿಸಿದೆ. ಅಷ್ಟರಲ್ಲಿ ಬಸ್ಸು ಹೋಯಿತು. ಮುಂದಿನದು ಹನ್ನೊಂದಕ್ಕೆ. ಹನ್ನೊಂದಕ್ಕೆ ಎರಡನೇ ಸೊಪ್ಪು ಹಾಕಬೇಕಿತ್ತು.

ಜೂನ್ ೧೭, ಮಂಗಳವಾರ

ಸೊಪ್ಪು. ಸೊಪ್ಪು. ಸೊಪ್ಪು. ಊಟ. ಸೊಪ್ಪು.

ನಲವತ್ತು ಸಾವಿರ ಬಾಯಿ ಒಟ್ಟಿಗೆ ಮೇಯುವ ಸದ್ದು ತೆಂಗಿನ ಗರಿಯ ಮೇಲೆ ಮಳೆ ಬಿದ್ದ ಹಾಗೆ. ಪ್ಲೇಲಿಸ್ಟಿಗೆ ಹಾಕಬಹುದಾದ ಸದ್ದು, ಆದರೆ ಕಲಾವಿದರು ಸಂಭಾವನೆಯನ್ನು ಮುಂಚಿತವಾಗಿಯೇ ತಿನ್ನುತ್ತಾರೆ.

ಜೂನ್ ೧೮, ಬುಧವಾರ

ಮಾವನವರು ಈಗ ಸ್ಪೀಕರಿನ ಜೊತೆ ಚೆನ್ನಾಗಿ ಮಾತಾಡುತ್ತಾರೆ. ‘ಡಬ್ಬ, ಆ ಕೊಂಬು ಊದೋನ್ನ ಹಾಕು.’ ಅಂದರೆ ಬೈರೂತಿನಲ್ಲಿ ಹುಟ್ಟಿದ ಇಬ್ರಾಹಿಂ ಮಾಲೂಫ್, ಟ್ರಂಪೆಟ್. ನಾನು ಫೋನ್ ಒತ್ತುತ್ತೇನೆ. ‘ಡಬ್ಬ, ಆ ಕಡೆ ಮೂಲೇಲಿ ಸೊಪ್ಪು ಕಮ್ಮಿ ಆಗೈತೆ.’ ಹೋಗಿ ಹಾಕುತ್ತೇನೆ. ‘ಡಬ್ಬ, ಮಜ್ಜಿಗೆ ಐತೆ, ಕುಡಿ.’ ಕುಡಿಯುತ್ತೇನೆ.

ಮಾಲೂಫರ ಟ್ರಂಪೆಟ್ಟಿಗೆ ಒಂದು ಗುಂಡಿ ಹೆಚ್ಚು, ನಮ್ಮ ಗಮಕದಂತೆ ಸ್ವರದ ಸಂದಿಯ ಸ್ವರ ನುಡಿಸಲು ಅವರ ತಂದೆಯೇ ಮಾಡಿಸಿದ್ದು ಎಂದು ಸುಮ್ಮನೆ ಗಾಳಿಗೆ ಹೇಳಿದೆ. ಮಾವನವರು ಗಾಳಿಗೇ ಉತ್ತರ ಕೊಟ್ಟರು: ‘ಅಪ್ಪ ಅಂದ್ರೆ ಹಂಗಿರ್ಬೇಕು. ಮಗ ಅಂದ್ರೆ ಅದ್ನ ಊದಂಗಿರ್ಬೇಕು.’

ಪ್ರತಿ ತಟ್ಟೆಯಲ್ಲೂ ಕೆಲವು ಹುಳ ಮಿಕ್ಕವಕ್ಕಿಂತ ದಪ್ಪ. ನಾನು ಮೊದಲು ಉಣಿಸಿದ ಬಳಗ.

ಜೂನ್ ೨೦, ಶುಕ್ರವಾರ

ನನ್ನ ಬಳಗ ಹಣ್ಣಾಗಿದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗಿದೆ. ಮಿಕ್ಕವು ಇನ್ನೂ ಮೇಯುತ್ತಿವೆ. ಸಮವಾಗಿ ಬೆಳೆದಿದ್ದರೆ ಒಂದೇ ದಿನದಲ್ಲಿ ಅಷ್ಟನ್ನೂ ಬಾಚಿ ಚಂದ್ರಿಕೆಗೆ ಹಾಕಬಹುದಿತ್ತು. ಈಗ ರಾಶಿಯಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಎಂದು ಒಂದೊಂದಾಗಿ ಆಯಬೇಕು. ಅತ್ತೆಗೆ ಒಂದೇ ಕೈ. ಕೂಲಿಗೆ ಜನ ಸಿಗಲಿಲ್ಲ. ಒಂದು ತಟ್ಟೆಗೆ ಆ ಕಡೆಯಿಂದ ಮಾವ, ಈ ಕಡೆಯಿಂದ ನಾನು. ಅತ್ತೆ ಅಡುಗೆಮನೆ ಸೇರಿದ್ದಾರೆ. ಅಲ್ಲಿಂದ ಕೂಗಿ ಒಂದೊಂದು ಹುಳಕ್ಕೂ ತೀರ್ಪು ಕೊಡಲಾಗುವುದಿಲ್ಲ.

‘ಕಾಯಿ ಕಣಯ್ಯ ಅದು. ಬುಡು.’

‘ಹಳದಿ ಆಗಿದೆಯಲ್ಲ ಮಾವ.’

‘ಹಳ್ದಿ ಆದ್ರಾಯ್ತಾ? ಬೆಳಕ್ಗೆ ಇಡಿ. ಗಾಜಿನಂಗೆ ಕಾಣ್ಬೇಕು. ಇದು ನೋಡು. ಹಾಂ, ಹಿಂಗೆ.’

‘ಇದು?’

‘ಕಾಯಿ. ನಿನ್ ಕಣ್ಣೇನು ಮಂಡೀಲವಾ?’

ಐದರಲ್ಲಿ ಮೂರನ್ನು ಫೇಲ್ ಮಾಡಿದರು. ಇಷ್ಟು ಬಿಗಿ ಮೌಲ್ಯಮಾಪನ ಎಲ್ಲೂ ಇಲ್ಲ, ಮರುಎಣಿಕೆಗೆ ಅರ್ಜಿಯೂ ಇಲ್ಲ. ಸೊಂಟ ಹಿಡಿದುಹೋಗಿದೆ.

ಜೂನ್ ೨೧, ಶನಿವಾರ

ಇಂದೂ ಆಯ್ದೆವು. ಇಂದು ಐದರಲ್ಲಿ ಒಂದು ಫೇಲ್.

ಗೂಡು ಕಟ್ಟಲು ಶುರುಮಾಡಿದ ಹುಳವನ್ನು ಬೆಳಕಿಗೆ ಹಿಡಿದರೆ ತನ್ನ ಸುತ್ತ ತಾನೇ ಎಂಟರ ಆಕಾರ ಬರೆಯುತ್ತಿರುವುದು ಕಾಣುತ್ತದೆ. ನೋಡುತ್ತ ಕೂತುಬಿಟ್ಟೆ. ನಾನು ಗಾಯೆ ಸು ಆಕ್ಯೋಲ್ ಹಾಕಲು ಹೋದಾಗ ಮಾವ ತಡೆದರು.

‘ಹಾಡೋರು ಬ್ಯಾಡ ಇವತ್ತು. ಆ ಅಳೋ ಪಿಟೀಲು ಹಾಕು.’

ಕಲ್ಹೋರ್ ಹಾಕಿದೆ.

‘ಅವತ್ತು ಕೇಳಿದ್ದಲ್ಲ ನೀನು, ಒಂದು ಸೀರೆಗೆ ಎಷ್ಟು ಜೀವ ಅಂತ,’ ಎಂದರು ಮಾವ, ತಟ್ಟೆಯಿಂದ ಕಣ್ಣು ತೆಗೆಯದೆ.

‘ಕೇಳಿದ್ದೆ ಮಾವ.’

‘ಈಗ ಎಣಿಸ್ದಾ?’

‘ಇಲ್ಲ.’

‘ನನ್ಗೂ ಎಣ್ಸಕಾಗ್ನಿಲ್ಲ. ಐವತ್ತು ವರ್ಸ ಆಯ್ತು. ಇವಕ್ಕೆ ಸೊಪ್ಪು ಹಾಕ್ದೋನೂ ನಾನೆ, ಚೀಲಕ್ಕೆ ತುಂಬೋನೂ ನಾನೆ. ನೀನು ಕೇಳ್ದಾಗ ಸಿಟ್ಟು ಬಂದಿದ್ದು ನೀ ಕೇಳ್ದೆ ಅಂತ ಅಲ್ಲ. ನಮ್ಮಟ್ಟೀಲಿ ಯಾರೂ ಅದ್ನ ಬಾಯ್ಬುಟ್ಟು ಹೇಳಿರ್ನಿಲ್ಲ.’

ನಾನು ಎರಡು ಹಣ್ಣು ಹುಳ ಆಯ್ದು ಚಂದ್ರಿಕೆಗೆ ಬಿಟ್ಟೆ.

‘ಆ ಪಿಟೀಲಿನೋರು ಯಾವೂರೋರು ಅಂದೆ?’

‘ಇರಾನ್.’

‘ಅಲ್ಲೂ ಹುಳ ಸಾಕ್ತಾರಾ?’

‘ಸಾಕ್ತಾರೆ ಮಾವ.’

‘ಅನ್ಕಂಡೆ,’ ಎಂದರು. ಮರುಕ್ಷಣವೇ, ‘ಕಾಯಿ ಕಣಯ್ಯ ಅದು! ಮಾತಲ್ಲಿ ಮೈ ಮರ್ತ್ಬುಟ್ಟಾ?’

ಹಣ್ಣೇ ಆಗಿತ್ತು ಅದು. ನಾನೂ ಬಿಡಲಿಲ್ಲ. ಬೆಳಕಿಗೆ ಹಿಡಿದು ತೋರಿಸಿದೆ. ‘ಊಂ, ಹಣ್ಣು’ ಎಂದು ಒಪ್ಪಿದರು. ಈ ದಿನಚರಿಯಲ್ಲಿ ದಾಖಲಿಸಬೇಕಾದ ಗೆಲುವು ಇದೊಂದೇ.

ಜೂನ್ ೨೪, ಮಂಗಳವಾರ

ಲೇಖನ ಕಳಿಸಿದೆ. ಊದ್ ಎಂದರೆ ಊದುವುದಲ್ಲ ಎಂಬ ಸಾಲನ್ನು ತೆಗೆದುಬಿಟ್ಟೆ, ಯಾಕೋ ಚಿಲ್ಲರೆ ಎನಿಸಿತು. ‘ಮರುಭೂಮಿಯೂ ಮೆಟ್ರೋ ರೈಲೂ’ ಇದ್ದ ಕಡೆ ‘ಉಣ್ಣದ ಗಂಟಲು, ಆದರೆ ತುಂಬಿದ ಮನಸ್ಸು’ ಎಂದು ಮಾವನ ಮಾತನ್ನು ಸ್ವಲ್ಪ ತೊಳೆದು ಹಾಕಿದೆ. ಹತ್ತು ಮಂದಿ ಎಂದಿದ್ದದ್ದು ಆರಕ್ಕೆ ನಿಂತಿತು, ಮಿಕ್ಕವರನ್ನು ಕೇಳಲು ಹುಳ ಬಿಡಲಿಲ್ಲ.

ಮಮತಾ ಮೇಡಂ ಕರೆ ಮಾಡಿದರು. ‘ಜಯಕುಮಾರ್, ಚೆನ್ನಾಗಿದೆ. ಆದರೆ ಒಂದು ಅನುಮಾನ. ಫಾರ್ಟಿಸೆವೆನ್ ಸೋಲ್ ಬಗ್ಗೆ “ಜ್ವರದಲ್ಲಿರುವವರಿಗೆ ಹಾಕಬಾರದು” ಎಂದು ಬರೆದಿದ್ದೀರಿ. ಇದು ವೈದ್ಯಕೀಯ ಸಲಹೆಯೇ?’

ಅನುಭವದ ಮಾತು ಮೇಡಂ ಎಂದೆ. ಇರಲಿ ಬಿಡಿ ಎಂದರು.

ಜೂನ್ ೨೭, ಶುಕ್ರವಾರ

ಚಂದ್ರಿಕೆಯಿಂದ ಗೂಡು ಬಿಡಿಸುವ ಕೆಲಸ. ಒಳ್ಳೆಯ ಗೂಡು ಬೇರೆ, ಕಲೆ ಬಿದ್ದದ್ದು ಬೇರೆ. ನಾಳೆ ಮುಂಜಾನೆ ರಾಮನಗರದ ಮಾರುಕಟ್ಟೆಗೆ. ಅಳ್ಳಾಡಿಸಿದರೆ ಒಳಗಿನ ಹುಳ, ಈಗ ಪ್ಯೂಪ, ಟಕ್ ಟಕ್ ಎನ್ನುತ್ತದೆ. ನಾನು ಅಳ್ಳಾಡಿಸಲಿಲ್ಲ. ಮಾವನೂ ಅಳ್ಳಾಡಿಸಲಿಲ್ಲ.

ಮಧ್ಯಾಹ್ನ ರಮ್ಯಾ ಫೋನ್ ಮಾಡಿದಳು. ಬೆಳೆ ಹೇಗಾಯಿತು, ಅಮ್ಮನ ಕೈ ಹೇಗಿದೆ, ಊಟ ಮಾಡ್ತಿದ್ದೀರಾ ಎಲ್ಲ ಕೇಳಿ, ಕೊನೆಗೆ ಮೆಲ್ಲಗೆ, ‘ಅಪ್ಪ ಏನಾದ್ರೂ ಮಾತಾಡಿದ್ರಾ ರೀ?’ ಎಂದಳು.

ನನಗೆ ರೇಗಿಹೋಯಿತು. ‘ಮಾತಾ? ಆ ಬಾಯಿಗೆ ಬಿಡುವು ಅನ್ನೋದಿದ್ರೆ ತಾನೇ! ಬೆಳಿಗ್ಗೆ ಆರಕ್ಕೆ ಶುರು. ಗೂಡ್ನ ಹಂಗ್ ಹಿಚುಕ್ಬ್ಯಾಡ ಕಣಯ್ಯ, ಚೀಲ ಕುಕ್ಬ್ಯಾಡ ಕಣಯ್ಯ, ನಿನ್ನ ಪಾಸ್ ಮಾಡ್ದೋನ್ ಯಾರಯ್ಯ. ಕಾಫಿ ಕುಡಿಯುವಾಗಲೂ ಎದುರಿಗೆ ಕೂತು ಮುಂದಿನ ಬೆಳೆಗೆ ಎಷ್ಟು ಮೊಟ್ಟೆ ತರೋಣ ಅಂತ ನನ್ನ ತಲೆ ತಿನ್ನುತ್ತಾರೆ. ನಾನು ಎಪ್ಪತ್ತೈದು ಸಾಕು ಅಂದರೆ, ನಿನ್ಗೇನ್ ಗೊತ್ತು, ನೂರೈವತ್ತು ಅಂತಾರೆ. ಅಷ್ಟಕ್ಕೆ ಸೊಪ್ಪೆಲ್ಲಿದೆ? ನೀನೇ ಸ್ವಲ್ಪ ಹೇಳು ನಿಮ್ಮಪ್ಪನಿಗೆ.’

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು.

‘ನೆಗಡಿಯಾ?’ ಎಂದೆ.

‘ಹೂಂ. ನೆಗಡಿ,’ ಎಂದಳು. ‘ನಾನ್ಯಾಕೆ ಹೇಳ್ಲಿ. ನೀವೇ ಹೇಳ್ಕೊಳ್ಳಿ.’

ಬಿಸಿನೀರು ಕುಡಿ ಎಂದು ಹೇಳುವಷ್ಟರಲ್ಲಿ ಒಳಗಿನಿಂದ ಮಾವನ ಕೂಗು: ‘ಏನಯ್ಯಾ ಜೈಕುಮಾರಾ, ಫೋನಲ್ಲೇ ಗೂಡು ಕಟ್ತಾ ಇದ್ದೀಯಾ? ಬಾರಯ್ಯ, ಒಬ್ನೇ ಎಷ್ಟು ಅಂತ ಬುಡುಸ್ಲಿ!’

ಹೋದೆ. ಈ ಮನುಷ್ಯ ಒಂದು ಗಳಿಗೆ ಹೆಂಡತಿಯ ಜೊತೆ ಮಾತಾಡಲು ಬಿಡುವುದಿಲ್ಲ.